ಕಹಳೆಯ ಉಲ್ದೆರಿಕೊ ಲಾರಿ ಹತ್ತಿದ್ದು

ಉಲ್ದೆರಿಕೊನ ಕೈಯಲ್ಲಿ ಕತ್ತಿ ಇದ್ದರೆ ಊರಿನ ಯಾವ ಗಂಡಸಾದರೂ ಕಣ್ಣು ಮುಚ್ಚಿ ಗಂಟಲು ಒಡ್ಡುತ್ತಿದ್ದ. ಅದೇ ಉಲ್ದೆರಿಕೊ ತುಟಿಗೆ ಕಹಳೆ ಇಟ್ಟರೆ ಆ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರು. ರೋಮಿನಿಂದ ಉತ್ತರಕ್ಕೆ, ಪೋ ನದಿಯ ಬಯಲಿನಲ್ಲಿ, ಸೆಣಬಿನ ಹೊಲಗಳ ನಡುವೆ ಇದ್ದ ಬೋರ್ಗೊಸಾಲಿಚೆಯಲ್ಲಿ ಅವನದೊಂದು ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಕನ್ನಡಿ, ಹಿಂದೆ ಎರಡು ಕೋಣೆಯ ಮನೆ. ಹೆಂಡತಿ ಎರ್ಸಿಲಿಯಾ ಬಾಯಿ ಜೋರಿನವಳು, ಮನಸ್ಸು ಅಷ್ಟೇ ನೆಟ್ಟಗಿನವಳು.

ಮೂರು ವರ್ಷ ಯುದ್ಧದಲ್ಲಿ ಕಳೆದು ಅವನು ಊರಿಗೆ ಬಂದದ್ದು 1919ರ ಮಾರ್ಚಿನಲ್ಲಿ. ಪಿಯಾವೆ ನದಿ ದಾಟಿದ ಬೆಳಿಗ್ಗೆ ಸೊಂಟದ ಮಟ್ಟದ ನೀರಿನಲ್ಲಿ ನಡೆಯುತ್ತ, ಮಂಜಿನೊಳಗೆ ದಾರಿ ತಪ್ಪಿದ ಪಡೆಯನ್ನು ಕಹಳೆಯ ದನಿಯಿಂದಲೇ ಒಂದುಗೂಡಿಸಿದವನು ಅವನು. ಅದಕ್ಕೊಂದು ಕಂಚಿನ ಪದಕ ಕೊಟ್ಟಿದ್ದರು. ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನ ತಲೆಯೊಳಗೆ ಒಂದೇ ಚಿತ್ರ: ನಿಲ್ದಾಣದಲ್ಲಿ ಊರಿನ ಬ್ಯಾಂಡು, ಮುಂದೆ ಗೆಳೆಯ ಅನ್ಸೆಲ್ಮೊ ಡೊಳ್ಳು ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮು ಕಟ್ಟಿಕೊಂಡು ನಿಂತಿರುವುದು, ಹೆಂಗಸರು ಹೂವು ಎರಚುವುದು.

ಎರ್ಸಿಲಿಯಾ ಬಂದಿದ್ದಳು. ಅನ್ಸೆಲ್ಮೊ ಕೂಡ ಬಂದಿದ್ದ. ಬ್ಯಾಂಡು ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಕೂಲಿಯವರಲ್ಲಿ ಒಬ್ಬ ಅವನ ಎದೆಯತ್ತ ನೋಡಿ ಕೇಳಿದ: "ಸಾಹುಕಾರ್ರ ಗಡಿ ಕಾಯ್ದು ಬಂದ್ಯಾ? ಶಾನೆ ಸಂತೋಷ. ನಿನ್ ಪಾಲಿಗೆ ಎಷ್ಟು ಜಮೀನು ಬಂತು?"

ಎಲ್ಲರೂ ನಕ್ಕರು. ಉಲ್ದೆರಿಕೊನಿಗೂ ನಗಬೇಕೆನಿಸಿತು, ನಗು ಬರಲಿಲ್ಲ.

ಅನ್ಸೆಲ್ಮೊ ಅವನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದ: "ಆ ಪದಕಾನ ಜೇಬಲ್ಲಿಟ್ಕೋ ಮಾರಾಯಾ. ಇವ್ರ ಮನೇಲಿ ಸತ್ತೋರಿದಾರೆ. ಕಾಲ ಬದಲಾಗಿದೆ."

ಕಾಲ ಬದಲಾಗಿದ್ದು ನಿಜ. ಅನ್ಸೆಲ್ಮೊ ಈಗ ಕೂಲಿಕಾರರ ಸಂಘದ ಕಾರ್ಯದರ್ಶಿ. ಯಾವ ಹೊಲಕ್ಕೆ ಎಷ್ಟು ಆಳು, ಯಾವ ದಿನ ಯಾರು, ಎಲ್ಲ ಸಂಘದ ಪಟ್ಟಿಯಲ್ಲೇ. ಹೊತ್ತು ಹುಟ್ಟುವ ಮುಂಚೆಯಿಂದ ಮುಳುಗುವ ತನಕ ಕೊಳೆತ ಸೆಣಬಿನ ಹೊಂಡದಲ್ಲಿ ನಿಲ್ಲುತ್ತಿದ್ದ ಜನರನ್ನು ಎಂಟೇ ಗಂಟೆ ದುಡಿಸಿ ಮನೆಗೆ ಕಳಿಸುವಂತೆ ಮಾಡಿದವನು ಅವನು. ಸಂಘದ ಹಣದಲ್ಲಿ ಚೌಕದ ಎದುರಿಗೆ 'ಜನರ ಮನೆ' ಎದ್ದಿತ್ತು. ಕೆಳಗೆ ವೈನಂಗಡಿ, ಮೇಲೆ ಬ್ಯಾಂಡಿನ ಕೋಣೆ.

1920ರ ಮೇ ಒಂದರಂದು ಆ ಬ್ಯಾಂಡು ಹೊರಟಾಗ ಉಲ್ದೆರಿಕೊ ಮೊದಲ ಸಾಲಿನಲ್ಲಿದ್ದ. ಮೂರು ಸಾವಿರ ಜನ, ಕೆಂಪು ಬಾವುಟ, ಸೈಕಲ್ಲಿನ ಹ್ಯಾಂಡಲ್ಲಿಗೆ ಕೆಂಪು ಕಾರ್ನೇಷನ್ ಹೂವು. ರಷ್ಯಾದಲ್ಲಿ ಆದದ್ದು ಇಲ್ಲಿಯೂ ಆಗುತ್ತದೆ, ಗೋಧಿ ಕೊಯ್ಲು ಮುಗಿಯಲಿ ಎಂದು ಎಲ್ಲರೂ ಹೇಳುತ್ತಿದ್ದರು. ರಷ್ಯಾದಲ್ಲಿ ಏನಾಯಿತೆಂದು ಉಲ್ದೆರಿಕೊನಿಗೆ ಸರಿಯಾಗಿ ತಿಳಿದಿರಲಿಲ್ಲ. ಅಷ್ಟು ಜನ ಒಟ್ಟಿಗೆ ಹಾಡುವಾಗ ತನ್ನ ಕಹಳೆಯ ದನಿ ಅವರೆಲ್ಲರ ತಲೆಯ ಮೇಲೆ ಹಾರಿಹೋಗುವುದು ಅವನಿಗೆ ತಿಳಿಯುತ್ತಿತ್ತು. ಅಂದು ಅವನ ಮೈಮೇಲೆ ಮುಳ್ಳೆದ್ದಿತ್ತು. ಆ ಬಾವುಟದ ಹಿಂದೆ ಸಮುದ್ರದ ತನಕವಾದರೂ ಅವನು ನಡೆದುಬಿಡುತ್ತಿದ್ದ.

ಗೋಧಿ ಕೊಯ್ಲು ಮುಗಿಯಿತು. ರಷ್ಯಾ ಬರಲಿಲ್ಲ. ಮುಷ್ಕರಗಳು ಬಂದವು. ಕೊಟ್ಟಿಗೆಗಳಲ್ಲಿ ಹಾಲು ಕರೆಯುವವರಿಲ್ಲದೆ ಹಸುಗಳು ದಿನವಿಡೀ ಕೂಗಿಕೊಳ್ಳುತ್ತಿದ್ದವು. ಆ ಕೂಗಿಗೆ ಊರಿನ ನಾಯಿಗಳು ಕೂಡ ಬೆದರಿದ್ದವು.

ಚಳಿಗಾಲ ಹಿಡಿದ ಹೊತ್ತಿನಲ್ಲೇ ಎವಾರಿಸ್ತೊ ಗಡ್ಡಕ್ಕೆ ಬಂದ. ಅರವತ್ತು ವರ್ಷದ ಗುತ್ತಿಗೆದಾರ. ಸಾಹುಕಾರರ ಹತ್ತು ಎಕರೆ ಮಾಡಿಕೊಂಡಿದ್ದ. ಸಂಘ ಕಳಿಸಿದ ಆರು ಆಳನ್ನು ಅವನು ಬೇಡವೆಂದಿದ್ದ. ಇಬ್ಬರು ಗಂಡುಮಕ್ಕಳು ಯುದ್ಧದಲ್ಲಿ ಹೋಗಿದ್ದರೂ ಇದ್ದ ಕೆಲಸಕ್ಕೆ ಇಬ್ಬರು ಆಳು ಸಾಕಿತ್ತು. ಅದಕ್ಕಾಗಿ ಸಂಘ ಅವನಿಗೆ ಬಹಿಷ್ಕಾರ ಹಾಕಿತ್ತು: ಯಾರೂ ರೊಟ್ಟಿ ಮಾರಬಾರದು, ಲಾಳ ಕಟ್ಟಬಾರದು, ಮಾತಾಡಿಸಬಾರದು.

"ಹದಿನೈದು ದಿನದ ಗಡ್ಡ ಕಣಪ್ಪಾ, ಕೆರೀತದೆ," ಎಂದ ಎವಾರಿಸ್ತೊ ಬಾಗಿಲಲ್ಲೇ ನಿಂತು. "ಬೇಡ ಅಂದ್ರೆ ಹೋಗ್ತೀನಿ."

"ಕೂತ್ಕೋ ತಾತ. ಗಡ್ಡಕ್ಕೆ ಯಾವ ಪಕ್ಷ?" ಎಂದು ಉಲ್ದೆರಿಕೊ ನೊರೆ ಕಲಸಿದ.

ಮೂರನೆಯ ದಿನ ಅನ್ಸೆಲ್ಮೊ ಒಂದು ಕಾಗದ ಹಿಡಿದು ಬಂದ. ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಕಮಿಟಿ ತೀರ್ಮಾನ ಕಣೋ. ಎರಡು ತಿಂಗಳು ಸಂಘದೋರು ಯಾರೂ ನಿನ್ ಅಂಗಡಿಗೆ ಬರಂಗಿಲ್ಲ. ತಪ್ಪಾಯ್ತು ಅಂತ ಸಭೇಲಿ ಹೇಳಿದ್ರೆ ಒಂದೇ ತಿಂಗಳು."

"ಒಬ್ಬ ಮುದುಕನ ಗಡ್ಡ ಹೆರೆದಿದ್ದಕ್ಕಾ?"

"ಒಬ್ಬನ್ನ ಬಿಟ್ರೆ ಎಲ್ಲಾರೂ ಬಿಡ್ತಾರೆ. ಒಗ್ಗಟ್ಟು ಒಡೆದ್ರೆ ಮತ್ತೆ ಹೊಂಡದಲ್ಲಿ ಹದಿನಾಲ್ಕು ಗಂಟೆ ನಿಲ್ಬೇಕಾಗ್ತದೆ. ನಿಂಗೆ ಗೊತ್ತಿಲ್ವಾ ಇದು?" ಅನ್ಸೆಲ್ಮೊ ನೆಲ ನೋಡಿದ. "ಇನ್ನೊಂದ್ ವಿಷಯ. ಬ್ಯಾಂಡಿಗೂ ಬರಬೇಡ ಅಂದಿದಾರೆ. ಅಲ್ಲೀ ತಂಕ."

ಎರ್ಸಿಲಿಯಾ ಒಳಗಿನಿಂದಲೇ ಕೂಗಿದಳು: "ಅನ್ಸೆಲ್ಮೊ, ನಿನ್ ಮದುವೇಲಿ ಇವ್ನು ತುಟಿ ಒಡೆದು ರಕ್ತ ಬರೋವರ್ಗೂ ಊದಿದ್ನಲ್ಲೋ. ಅದನ್ನೂ ಕಮಿಟಿಗೆ ಹೇಳಿದ್ಯಾ?"

ಅನ್ಸೆಲ್ಮೊ ಟೋಪಿ ಹಾಕಿಕೊಂಡು ಹೊರಟುಹೋದ. ಗಿರಾಕಿ ಇಲ್ಲದ್ದನ್ನು ಉಲ್ದೆರಿಕೊ ಹೇಗೋ ತಡೆದುಕೊಂಡ. ಸಂಜೆ ಜನರ ಮನೆಯ ಕಿಟಕಿಯಿಂದ ಬ್ಯಾಂಡು ಕೇಳಿಸಿದಾಗ, ತನ್ನ ಜಾಗದಲ್ಲಿ ಬೇರೆ ಯಾರೋ ಅಪಸ್ವರ ಊದುವುದನ್ನು ಕೇಳಿದಾಗ, ಅವನು ಎದ್ದು ಕಿಟಕಿ ಮುಚ್ಚಿದ. ಒಳಗೊಳಗೇ ಏನೋ ಕುದಿಯತೊಡಗಿತು. ಪತ್ರಿಕೆಯೂ ಆ ಕುದಿಗೆ ಸೌದೆ ಒಟ್ಟುತ್ತಿತ್ತು: ಆರು ಲಕ್ಷ ಜನ ಸತ್ತು ಗೆದ್ದ ಯುದ್ಧ, ಪ್ಯಾರಿಸ್ಸಿನಲ್ಲಿ ದೊಡ್ಡ ದೇಶದವರು ಮೇಜಿನ ಸುತ್ತ ಕೂತು ನಮ್ಮ ತಟ್ಟೆಯಿಂದ ತುತ್ತು ಎತ್ತಿಕೊಂಡರು, ಸಮುದ್ರದ ಆಚೆಕಡೆಯ ಕರಾವಳಿ ಕೊಡುತ್ತೇವೆಂದು ಹೇಳಿ ಕೊಡಲಿಲ್ಲ. ಆ ಕರಾವಳಿಯನ್ನು ಉಲ್ದೆರಿಕೊ ಕಂಡವನಲ್ಲ. ಆದರೂ ಓದುವಾಗ ತನ್ನ ಜೇಬಿನಿಂದಲೇ ಏನೋ ಕಿತ್ತುಕೊಂಡಂತೆ ಅನಿಸುತ್ತಿತ್ತು.

1921ರ ಫೆಬ್ರುವರಿಯ ಒಂದು ಸಂತೆಯ ಬೆಳಿಗ್ಗೆ ಚೌಕಕ್ಕೆ ಎರಡು ಲಾರಿ ಬಂದವು. ಕರಿ ಅಂಗಿಯ ಮೂವತ್ತು ಜನ ಫಾಸಿಸ್ಟರು ಹಾಡುತ್ತಾ ಧುಮುಕಿದರು. ಅವರ ಮುಂದಾಳು ನೇರವಾಗಿ ಖಾಲಿ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ಅವನು ಊರಾಚೆಯ ದೊಡ್ಡ ಜಮೀನ್ದಾರನ ಮಗ ಒತ್ತೋರಿನೊ. ಯುದ್ಧದಲ್ಲಿ ಲೆಫ್ಟಿನೆಂಟ್ ಆಗಿದ್ದವನು.

"ಬೇಗ ಆಗ್ಲಿ, ಆದ್ರೆ ಚೆನ್ನಾಗಿ ಆಗ್ಲಿ," ಎಂದ. ನೊರೆಯ ನಡುವಿನಿಂದ ಕಣ್ಣು ಅರ್ಧ ತೆರೆದು ಕನ್ನಡಿಯಲ್ಲಿ ಉಲ್ದೆರಿಕೊನನ್ನು ನೋಡಿದ. "ತಡಿ ತಡಿ. ಪಿಯಾವೆ ಹತ್ರ ಮಂಜಲ್ಲಿ ಕಹಳೆ ಊದ್ದೋನು ನೀನೇ ಅಲ್ವೇನೋ?"

ಕತ್ತಿ ಗಾಳಿಯಲ್ಲೇ ನಿಂತಿತು. "ಹೌದು ಸ್ವಾಮಿ."

"ಸ್ವಾಮಿ ಅನ್ಬೇಡ. ನಾನೂ ಆ ನೀರಲ್ಲೇ ಇದ್ದೆ ಕಣಯ್ಯಾ. ಆ ದನಿ ಕೇಳಿಸ್ದೇ ಇದ್ದಿದ್ರೆ ಇವತ್ತು ನಾನು ಮೀನಿನ ಹೊಟ್ಟೇಲಿರ್ತಿದ್ದೆ." ಅವನು ನೊರೆ ಮೆತ್ತಿದ ಮುಖದಲ್ಲೇ ಎದ್ದು ನಿಂತು ಬಾಗಿಲಾಚೆಗೆ ಕೂಗಿದ: "ಹುಡುಗ್ರಾ, ಟೋಪಿ ತೆಗೀರಿ. ಪಿಯಾವೆಯ ಕಹಳೆಗಾರ ಇಲ್ಲಿದಾನೆ."

ಮೂವತ್ತು ಜನ ಟೋಪಿ ತೆಗೆದರು. ಎರಡು ವರ್ಷದಿಂದ ಯಾರೂ ಕೇಳದಿದ್ದುದನ್ನು ಒಬ್ಬ ಕೇಳಿದ್ದ. ಉಲ್ದೆರಿಕೊನ ಕಣ್ಣು ತುಂಬಿ ಬಂತು. ಮುಂದೆ ಎಷ್ಟೋ ವರ್ಷದ ಮೇಲೆ ಜನ ಕೆದಕಿ ಕೇಳಿದಾಗಲೂ ಅವನು ಸುಳ್ಳು ಹೇಳುತ್ತಿರಲಿಲ್ಲ: ತಾನು ಫಾಸಿಸ್ಟನಾದದ್ದು ಆ ಗಳಿಗೆಯಲ್ಲಿ, ಯಾವ ಭಾಷಣ ಕೇಳುವುದಕ್ಕೂ ಮೊದಲೇ ಎನ್ನುತ್ತಿದ್ದ.

"ಲಾರೀಲಿ ಜಾಗ ಇದೆ," ಎಂದ ಒತ್ತೋರಿನೊ ಮುಖ ಒರೆಸಿಕೊಳ್ಳುತ್ತಾ. "ಕಹಳೆ ಮಾತ್ರ ಇಲ್ಲ."

ಎರ್ಸಿಲಿಯಾ ಬಾಗಿಲಿಗೆ ಅಡ್ಡ ನಿಂತಳು. "ಊಟಕ್ಕೆ ಕುಂಬಳಕಾಯಿ ಕಡುಬು ಮಾಡ್ತಿದೀನಿ. ಎಲ್ಲಿಗೆ?"

"ಸಂಜೆಗೆ ಬರ್ತೀನಿ ಕಣೇ," ಎಂದ, ಆಗಲೇ ಓಡುತ್ತ. ಮೂವತ್ತೆರಡು ವರ್ಷದ ಗಂಡಸು ಶಾಲೆ ಬಿಟ್ಟ ಮಗುವಿನಂತೆ ಓಡಿದ.

ಲಾರಿ ಎಂದರೆ ಏನೆಂದು ಅವನಿಗೆ ಅಂದೇ ತಿಳಿದದ್ದು. ಒಡ್ಡಿನ ಮೇಲಿನ ದಾರಿಯಲ್ಲಿ ಪೋಪ್ಲಾರ್ ಮರಗಳು ಸರಸರ ಹಿಂದಕ್ಕೆ ಓಡುತ್ತಿದ್ದವು. ಗಾಳಿಗೆ ಹಾಡು ಚೂರುಚೂರಾಗಿ ಹಾರಿ ಹೋಗುತ್ತಿತ್ತು. ಪಕ್ಕದವನ ಭುಜ ತನ್ನ ಭುಜಕ್ಕೆ ಒತ್ತಿಕೊಂಡಿತ್ತು. ಅವನ ಎಡಕ್ಕೆ ಔಷಧದಂಗಡಿಯ ಗುಮಾಸ್ತ, ಬಲಕ್ಕೆ ದನದ ಡಾಕ್ಟರಿಕೆ ಓದುವವನು, ಎದುರಿಗೆ ಹರಿದ ಬೂಟಿನ ಒಬ್ಬ ಕೂಲಿಯವನು.

"ನೀನ್ ಸಂಘದೋನಲ್ವಾ?" ಎಂದು ಉಲ್ದೆರಿಕೊ ಆ ಕೂಲಿಯವನನ್ನು ಕೇಳಿದ.

"ಇದ್ದೆ. ಪಟ್ಟೀಲಿ ನನ್ ಸರದಿ ಬರೋ ಹೊತ್ಗೆ ಮುಷ್ಕರ. ಮುಷ್ಕರ ಮುಗಿಯೋ ಹೊತ್ಗೆ ಚಳಿಗಾಲ. ಇಲ್ಲಿ ಹೊಟ್ಟೆ ತುಂಬ ಮಾಂಸ ಹಾಕಿದ್ರು, ಅಂಗಿ ಕೊಟ್ರು."

ಗುಮಾಸ್ತ ಹೇಳಿದ: "ನಮ್ಮಪ್ಪ ಮೂವತ್ತು ವರ್ಷ ಉಳಿಸಿದ್ದು ಈಗ ಒಂದ್ ಜೊತೆ ಬೂಟಿಗೆ ಸಾಲ್ದು. ಬೂಟು ಮಾರೋನು ನಮ್ಮನ್ನ ನೋಡಿ ನಗ್ತಾನೆ."

ದನದ ಡಾಕ್ಟರು ಆಗಲಿದ್ದವನಿಗೆ ಹತ್ತೊಂಬತ್ತು ವರ್ಷ. "ನಾನು ಯುದ್ಧಕ್ಕೆ ಒಂದ್ ವರ್ಷ ತಡ ಆಗ್ಹೋದೆ," ಎಂದು ನಾಚಿಕೊಂಡು ಹೇಳಿದ. "ಮನೇಲಿ ಅಣ್ಣನ ಫೋಟೋಕ್ಕೆ ಹೂವು. ನನಗೆ ಪರೀಕ್ಷೆ."

ಪೆಟ್ರೋಲು ಒತ್ತೋರಿನೊನ ಅಪ್ಪನಂಥವರದು. ಅದು ಲಾರಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಬೆಳಿಗ್ಗೆ ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ. ಪಕ್ಕದ ಊರಿನ ಚೌಕದಲ್ಲಿ ಉಲ್ದೆರಿಕೊ ಕಹಳೆ ಊದಿದಾಗ ಮುಚ್ಚಿದ್ದ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ಉಪ್ಪರಿಗೆಯಿಂದ ಒಬ್ಬಳು ಮುದುಕಿ ದೇಶದ ಬಾವುಟ ಇಳಿಬಿಟ್ಟಳು. ಊರ ಪೊಲೀಸ್ ಸಾರ್ಜೆಂಟು ಮುಖವನ್ನು ಆ ಕಡೆಗೆ ತಿರುಗಿಸಿ ಮೀಸೆ ತೀಡಿಕೊಂಡ. ಗಲ್ಲಿಯೊಳಗೆ ಯಾರನ್ನೋ ಹೊಡೆಯುವ ಸದ್ದು ಕೇಳಿಸಿತು. ಉಲ್ದೆರಿಕೊ ಇನ್ನೊಂದು ಸಲ, ಇನ್ನಷ್ಟು ಜೋರಾಗಿ ಊದಿದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಲಾರಿಗಳು ಬೋರ್ಗೊಸಾಲಿಚೆಗೇ ಬಂದವು. ಆರು ಲಾರಿ. ಜನರ ಮನೆಯ ಎದುರು ಸಾಲು ನಿಂತವು. ಒತ್ತೋರಿನೊ ಕೈ ಎತ್ತಿ ಉಲ್ದೆರಿಕೊನ ಕಡೆ ನೋಡಿದ. ನುಗ್ಗುವ ಸೂಚನೆ ಕೊಡಬೇಕಾಗಿತ್ತು.

ಒಳಗೆ ಅನ್ಸೆಲ್ಮೊ ಇದ್ದಾನೆಂದು ಉಲ್ದೆರಿಕೊನಿಗೆ ಗೊತ್ತಿತ್ತು. ಕಹಳೆ ತುಟಿಗೆ ತಾಗಿದ ಮೇಲೆ ಅದು ಮನಸ್ಸಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಅವನು ಅಷ್ಟು ಚೆನ್ನಾಗಿ ಊದಿರಲಿಲ್ಲ. ದನಿ ಚೌಕದ ನಾಲ್ಕೂ ಗೋಡೆಗೆ ಬಡಿದು ಗಂಟೆಗೋಪುರ ಹತ್ತಿತು. ಗುಂಪು ಗುಡುಗಿದಂತೆ ಕೂಗಿ ಒಳಗೆ ನುಗ್ಗಿತು. ಮೇಲಿನ ಕಿಟಕಿಯಿಂದ ಕಾಗದ, ಕುರ್ಚಿ, ಆಮೇಲೆ ಬ್ಯಾಂಡಿನ ವಾದ್ಯಗಳು ಬೀಳತೊಡಗಿದವು. ದೊಡ್ಡ ಡ್ರಮ್ಮು ನೆಲಕ್ಕೆ ಬಿದ್ದು ಒಮ್ಮೆ ಪುಟಿದು ಉರುಳಿತು. ಯಾರೋ ಪೆಟ್ರೋಲು ಸುರಿದರು. ಬೆಂಕಿ ಹೊತ್ತಿಕೊಂಡಾಗ ಊರಿನ ಅರ್ಧ ಜನ ಬಾಗಿಲು ಹಾಕಿಕೊಂಡರು, ಉಳಿದರ್ಧ ಚೌಕಕ್ಕೆ ಬಂದು ನೋಡಿದರು.

ಅನ್ಸೆಲ್ಮೊನನ್ನು ಎಳೆದು ತಂದು, ವೈನಂಗಡಿಯ ಸ್ಟೂಲಿನ ಮೇಲೆ ಕೂರಿಸಿದರು. ಹರಳೆಣ್ಣೆಯ ಬಾಟಲಿ ಬಾಯಿಗೆ ತುರುಕಿ ಖಾಲಿಯಾಗುವ ತನಕ ಹಿಡಿದರು. ಅವನ ದಪ್ಪ ಮೀಸೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಈ ಮೀಸೆ ಇವನಿಗೆ ಭಾರ ಆಯ್ತು," ಎಂದ ಒತ್ತೋರಿನೊ ನಗುತ್ತ. "ನಮ್ಮತ್ರ ಕ್ಷೌರಿಕ ಇದಾನಲ್ಲ. ಇಳಿಸ್ಬಿಡು ಉಲ್ದೆರಿಕೊ."

ಚೌಕ ಚಪ್ಪಾಳೆ ತಟ್ಟಿತು. ಉಲ್ದೆರಿಕೊ ಅಂಗಡಿಗೆ ಹೋಗಿ ಕತ್ತಿ ತಂದ. ಆಗಲೇ ಹೋಗಿ ಬಾಗಿಲು ಹಾಕಿಕೊಳ್ಳಬಹುದಾಗಿತ್ತು. ಹಾಕಿಕೊಳ್ಳಲಿಲ್ಲ. ಗೆಳೆಯನ ಗದ್ದ ಹಿಡಿದು ಮೇಲೆತ್ತಿದ.

ಅನ್ಸೆಲ್ಮೊ ಅವನಿಗಷ್ಟೇ ಕೇಳುವಂತೆ ಹೇಳಿದ: "ಕೈ ನಡುಗ್ತಾನೇ ಇಲ್ವಲ್ಲೋ ನಿಂದು."

"ಅಲ್ಲಾಡ್ಬೇಡ, ಕೊಯ್ತದೆ," ಎಂದ ಉಲ್ದೆರಿಕೊ.

ಕೈ ನಿಜವಾಗಿಯೂ ನಡುಗಿರಲಿಲ್ಲ. ಎದೆ ಇನ್ನೂ ಕಹಳೆಯ ಬಿಸಿಯಲ್ಲೇ ಇತ್ತು. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂಬ ಹಿಗ್ಗು ಕಡಿಮೆಯಾಗಿರಲಿಲ್ಲ. ಮನೆಗೆ ಬಂದಾಗ ಎರ್ಸಿಲಿಯಾ ತಟ್ಟೆ ಇಡಲಿಲ್ಲ. ಹಾಲಿನ ಪಾತ್ರೆ ಎತ್ತಿಕೊಂಡು ಹೊರಟಿದ್ದಳು.

"ಎಲ್ಲಿಗೆ?"

"ಅನ್ಸೆಲ್ಮೊ ಮನೆಗೆ. ಹೊಟ್ಟೆ ತೊಳೆದು ಹೋಗ್ತಿದೆ ಅವನಿಗೆ. ನೀನು ಇವತ್ತು ಚೆನ್ನಾಗಿ ಊದ್ದೆ ಬಿಡು. ನಮ್ಮ ಮದುವೇಲೂ ಇಷ್ಟು ಚೆನ್ನಾಗಿ ಊದಿರ್ಲಿಲ್ಲ."

ವಾರದೊಳಗೆ ಅನ್ಸೆಲ್ಮೊ ಹೆಂಡತಿಯನ್ನು ಕರೆದುಕೊಂಡು ಫ್ರಾನ್ಸಿಗೆ ಹೋದ. ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಯಾರೋ ಹೇಳಿದರು. ಅವನಿಂದ ಒಂದು ಕಾಗದವೂ ಬರಲಿಲ್ಲ.

ಊರು ಮಗುಚಿಕೊಂಡ ವೇಗಕ್ಕೆ ಉಲ್ದೆರಿಕೊನಿಗೇ ತಲೆ ಸುತ್ತಿತು. ಬೇಸಿಗೆ ಮುಗಿಯುವುದರೊಳಗೆ ಸಂಘದ ಪಟ್ಟಿಯಲ್ಲಿದ್ದ ಹೆಸರುಗಳೇ ಫಾಸಿಸ್ಟರ ಸಂಘದ ಪಟ್ಟಿಗೆ ಬಂದವು. ಕೆಲಸ ಸಿಗುವುದು ಈಗ ಅಲ್ಲಿಂದಲೇ. ಬಹಿಷ್ಕಾರ ಹಾಕಿದ್ದ ಕಮಿಟಿಯವರು ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತರು.

"ನೀನು ಮೊದ್ಲೇ ಕಂಡ್ಕೊಂಡ್ಬಿಟ್ಟೆ ಕಣಯ್ಯಾ," ಎಂದು ನಿಲ್ದಾಣದಲ್ಲಿ ಹಂಗಿಸಿದವನೇ ಹಲ್ಲು ಬಿಟ್ಟ. "ನಮಗೆ ಬುದ್ಧಿ ತಡವಾಗಿ ಬಂತು."

1922ರ ಅಕ್ಟೋಬರಿನಲ್ಲಿ, ಅಧಿಕಾರ ಕಿತ್ತುಕೊಳ್ಳಲು ಫಾಸಿಸ್ಟರು ರೋಮಿಗೆ ಹೊರಟ ರೈಲಿನಲ್ಲಿ ಅವನಿದ್ದ. ಮಳೆಯೋ ಮಳೆ. ಕೆಲವರ ಕೈಯಲ್ಲಿ ಬಂದೂಕು, ಕೆಲವರ ಕೈಯಲ್ಲಿ ಬೇಟೆಯ ಕೋವಿ, ಒಬ್ಬನ ಕೈಯಲ್ಲಿ ಮೇಜಿನ ಕಾಲು. ದಾರಿಯಲ್ಲಿ ಎರಡು ದಿನ ನಿಲ್ಲಿಸಿದರು. ಸೈನ್ಯ ಗುಂಡು ಹಾರಿಸುತ್ತದೆ ಎಂದರು, ಇಲ್ಲ ಎಂದರು, ಸೈನ್ಯ ಬಿಡುವ ಆಜ್ಞೆಗೆ ರಾಜ ಸಹಿ ಹಾಕಲಿಲ್ಲವಂತೆ ಎಂದರು. ಉಲ್ದೆರಿಕೊ ಒದ್ದೆ ಹುಲ್ಲಿನಲ್ಲಿ ಕೂತು ಗಟ್ಟಿ ರೊಟ್ಟಿ ಅಗಿದ. ಕೊನೆಗೆ ರೋಮಿನೊಳಗೆ ಕಾಲಿಟ್ಟಾಗ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಸರ್ಕಾರವನ್ನು ಅವರ ನಾಯಕನ ಕೈಗೆ ಕೊಟ್ಟಾಗಿತ್ತು. ಆದರೂ ಏನು ಮೆರವಣಿಗೆ ಅದು. ಅಗಲ ಬೀದಿಗಳ ಎರಡೂ ಕಡೆ ಛತ್ರಿಗಳು, ಹೂವು, ಬಾಲ್ಕನಿಗಳಲ್ಲಿ ತುಪ್ಪಳದ ಕೋಟಿನ ಹೆಂಗಸರು. ಅವನ ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಆರು ಗಂಟೆ ನಡೆದ, ಆರು ಗಂಟೆ ಊದಿದ. ಬೋರ್ಗೊಸಾಲಿಚೆಯ ಕ್ಷೌರಿಕ ಚರಿತ್ರೆಯ ಮಧ್ಯದಲ್ಲಿ ನಡೆಯುತ್ತಿದ್ದಾನೆ ಎಂದು ತಾನೇ ತನಗೆ ಹೇಳಿಕೊಂಡ. ಸಂಜೆಗೆ ಎಲ್ಲರನ್ನೂ ರೈಲಿಗೆ ತುಂಬಿ ವಾಪಸು ಕಳಿಸಿದರು.

ಊರಿನಲ್ಲಿ ಅವನನ್ನು ಹೊಸ ಬ್ಯಾಂಡಿನ ಮುಖ್ಯಸ್ಥನನ್ನಾಗಿ ಮಾಡಿದರು. ಹೊಳೆಯುವ ಹೊಸ ವಾದ್ಯಗಳು ಬಂದವು. ಪ್ರತಿ ಶನಿವಾರ ಮೆರವಣಿಗೆ. ಯಾವ ಹಾಡು ನುಡಿಸಬೇಕೆಂಬ ಪಟ್ಟಿ ಜಿಲ್ಲಾ ಕೇಂದ್ರ ಫೆರಾರಾದಿಂದ ಬರುತ್ತಿತ್ತು. ಮೊದಲು ಜನ ತಾವಾಗಿಯೇ ಬರುತ್ತಿದ್ದರು, ಆಮೇಲೆ ಹಾಜರಿ ಹಾಕಲು ಬರತೊಡಗಿದರು. ಚಪ್ಪಾಳೆಯಲ್ಲಿ ಆ ವ್ಯತ್ಯಾಸ ಉಲ್ದೆರಿಕೊನ ಕಿವಿಗೆ ತಿಳಿಯುತ್ತಿತ್ತು. ಹೊಲದಲ್ಲಿ ಕೂಲಿ ಇಳಿಯಿತು. ಹೊತ್ತು ಎಂಟು ಗಂಟೆಯಿಂದ ಹತ್ತಕ್ಕೆ ಏರಿತು. ಗೊಣಗುವುದಕ್ಕೆ ಸಂಘವಿರಲಿಲ್ಲ.

1927ರ ನವೆಂಬರಿನಲ್ಲಿ ಎವಾರಿಸ್ತೊ ಅಂಗಡಿಗೆ ಬಂದ. ಗಡ್ಡಕ್ಕಲ್ಲ. "ಎತ್ತಂಗಡಿ ಮಾಡ್ತಿದಾರೆ ಕಣಪ್ಪ. ಗುತ್ತಿಗೆ ಮುಂದುವರಿಸಲ್ವಂತೆ. ಯಂತ್ರ ತರ್ತಾರಂತೆ. ನಲವತ್ತು ವರ್ಷ ಆಯ್ತು ನಾನ್ ಆ ಮನೇಲಿದ್ದು."

ಆ ಜಮೀನು ಒತ್ತೋರಿನೊನ ಮನೆತನದ್ದು. ಒತ್ತೋರಿನೊ ಈಗ ಪಕ್ಷದ ಊರ ಕಾರ್ಯದರ್ಶಿ. ಉಲ್ದೆರಿಕೊ ಕರಿ ಅಂಗಿ ತೊಟ್ಟು, ಸೈಕಲ್ ಏರಿ ಹುರುಪಿನಿಂದ ಹೊರಟ. ಜೊತೆಯಲ್ಲಿ ನೀರು ದಾಟಿದವನು, ತನ್ನ ಮಾತು ಕೇಳದೆ ಇರುತ್ತಾನೆಯೇ?

ಒತ್ತೋರಿನೊ ಎದ್ದು ಕೈ ಕುಲುಕಿದ, ವೈನು ಕೊಟ್ಟ, ಮಾತನ್ನೆಲ್ಲ ಕೇಳಿಸಿಕೊಂಡ. "ಎವಾರಿಸ್ತೊ ಒಳ್ಳೆ ಮನುಷ್ಯ. ಯಾರು ಇಲ್ಲ ಅಂದ್ರು? ಆದ್ರೆ ಜಮೀನಿನ ವಿಷಯ ನಮ್ಮಪ್ಪಂದು."

"ಸಂಘ ಅವನನ್ನ ಹಿಂಡಿ ಹಾಕ್ತಿದೆ ಅಂತ್ಲೇ ನಾವು ಲಾರಿ ಹತ್ತಿದ್ದು. ಅಂಥೋರಿಗೋಸ್ಕರ ಅಂದ್ರಲ್ಲ ನೀವು."

"ನೀನು ಅದಕ್ಕೆ ಹತ್ತಿದ್ಯಾ?" ಒತ್ತೋರಿನೊ ಸಿಟ್ಟಾಗಲಿಲ್ಲ, ನಿಜವಾಗಿಯೇ ಆಶ್ಚರ್ಯಪಟ್ಟ. ಭುಜ ತಟ್ಟಿದ. "ಶನಿವಾರಕ್ಕೆ ಫೆರಾರಾದಿಂದ ದೊಡ್ಡೋರು ಬರ್ತಿದಾರೆ. ಬ್ಯಾಂಡು ಚೆನ್ನಾಗಿರ್ಲಿ, ಅದು ನಿನ್ನ ಕೆಲಸ."

ವಾಪಸು ಬರುವಾಗ ಅವನು ಸೈಕಲ್ ತಳ್ಳಿಕೊಂಡೇ ನಡೆದ. ಮರುದಿನ ಗಾಡಿ ಬಾಡಿಗೆಗೆ ತಂದು, ಎವಾರಿಸ್ತೊನ ಮಂಚ, ಎರಡು ತಾಮ್ರದ ಪಾತ್ರೆ, ಸತ್ತ ಮಕ್ಕಳ ಪಟ ಎಲ್ಲವನ್ನೂ ಹೇರಿಕೊಂಡು ಹಾಡುಹಗಲೇ ಚೌಕದ ಮಧ್ಯೆ ತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಇಳಿಸಿದ. ನೋಡಿದವರು ನೋಡದವರಂತೆ ಸರಿದರು. ಎರ್ಸಿಲಿಯಾ ಅಂದು ಆರು ವರ್ಷದಲ್ಲಿ ಮೊದಲ ಸಲ ಗಂಡನ ತಲೆ ಸವರಿದಳು.

"ಶನಿವಾರ ಊದ್ತೀಯಾ?" ಎಂದು ಕೇಳಿದಳು.

"ಊದ್ಬೇಕಲ್ಲ," ಎಂದ ಅವನು.

ಊದಿದ. ಆ ಶನಿವಾರವೂ, ಮುಂದಿನದೂ, ಅದರ ಮುಂದಿನದೂ. ಕೆಲವು ದಿನ ಬೇಸರದಿಂದ, ಕೆಲವು ದಿನ ಹೆದರಿಕೆಯಿಂದ. ಎಲ್ಲಕ್ಕಿಂತ ವಿಚಿತ್ರವೆಂದರೆ ಕೆಲವು ದಿನ ಹಳೆಯ ಬಿಸಿಯಿಂದಲೇ ಊದಿದ. ತನಗೆ ಗೊತ್ತಿದ್ದದ್ದು ತನ್ನ ಶ್ವಾಸಕೋಶಕ್ಕೆ ಗೊತ್ತಿಲ್ಲವೇನೋ ಎಂದು ಒಮ್ಮೆ ಎರ್ಸಿಲಿಯಾಳಿಗೆ ಹೇಳಿ ನಕ್ಕಿದ್ದ.

1936ರ ಮೇ ತಿಂಗಳ ಐದನೆಯ ತಾರೀಕು, ಸಂಜೆ. ಕುರ್ಚಿಯಲ್ಲಿ ಪೋಸ್ಟ್ ಮಾಸ್ಟರು, ಮುಖದ ತುಂಬ ನೊರೆ. ಸೈರನ್ನು ಕೂಗಿತು, ಇಗರ್ಜಿಯ ಗಂಟೆಗಳು ಒಟ್ಟಿಗೆ ಬಡಿದುಕೊಂಡವು. ಚೌಕದ ಧ್ವನಿವರ್ಧಕದಲ್ಲಿ ರೋಮಿನಿಂದ ನಾಯಕನ ಗರ್ಜನೆ ಬಂತು: ಆಫ್ರಿಕಾದ ಯುದ್ಧ ಮುಗಿಯಿತು, ಅಲ್ಲಿನ ರಾಜಧಾನಿಗೆ ನಮ್ಮ ಪಡೆ ನುಗ್ಗಿತು. ಬಾಗಿಲುಗಳು ತೆರೆದುಕೊಂಡವು, ಜನ ಹಾಜರಿಯ ಪಟ್ಟಿ ಮರೆತು ಓಡಿಬಂದರು. ಈ ಸಲ ಕೂಗು ಸಾಚಾ ಕೂಗಾಗಿತ್ತು. ಅದು ಉಲ್ದೆರಿಕೊನ ಕಿವಿಗೆ ತಕ್ಷಣ ತಿಳಿಯಿತು. ಅವನು ಕತ್ತಿ ಕೆಳಗಿಟ್ಟು ಕಹಳೆ ಎಳೆದುಕೊಂಡ.

"ಮತ್ತೆ ಹೋಗ್ತೀಯಾ?" ಎಂದಳು ಎರ್ಸಿಲಿಯಾ.

ನಲವತ್ತೇಳು ವರ್ಷದ ಉಲ್ದೆರಿಕೊನ ಕಣ್ಣು ಹೊಳೆಯುತ್ತಿದ್ದವು. ಅವನು ಹೊಸ್ತಿಲು ದಾಟಿ ಓಡಿದ. ಪೋಸ್ಟ್ ಮಾಸ್ಟರು ನೊರೆಯ ಮುಖದಲ್ಲೇ, ಕುತ್ತಿಗೆಗೆ ಟವೆಲು ಕಟ್ಟಿಕೊಂಡೇ ಅವನ ಹಿಂದೆ ಓಡಿದರು.

ಎರ್ಸಿಲಿಯಾ ಕಿಟಕಿ ಮುಚ್ಚಿದಳು. ಹಿಂದಿನ ಕೋಣೆಯಿಂದ ಎವಾರಿಸ್ತೊ ಕೋಲೂರಿಕೊಂಡು ಬಂದ. ಎಪ್ಪತ್ತಾರು ವರ್ಷ, ಕಿವಿ ಮಂದ.

"ಏನಂತಮ್ಮಾ ಗಲಾಟೆ?"

"ಯಾವ್ದೋ ದೇಶ ಗೆದ್ರಂತೆ ತಾತ. ಆಫ್ರಿಕಾದಲ್ಲಿ."

"ಜಮೀನು ಕೊಡ್ತಾರಂತಾ ನಮಗೆ?"

"ಹಂಗೇನೋ ಹೇಳ್ತಿದಾರೆ."

ಮುದುಕ ಯೋಚಿಸಿದ. ಹೊರಗೆ ಕಹಳೆ ಮೊಳಗಿತು. ಮುಚ್ಚಿದ ಕಿಟಕಿಯ ಗಾಜು ಸಣ್ಣಗೆ ಅದುರಿತು.

"ಅಲ್ಲಿ ಉಳ್ತಿದ್ದೋರು ಎಲ್ಲಿಗೆ ಹೋಗ್ತಾರಂತೆ?" ಎಂದು ಕೇಳಿದ.

ಒಲೆಯ ಮೇಲಿನ ಮೆಕ್ಕೆಜೋಳದ ಪೊಲೆಂಟಾ ಗಂಜಿ ತಳ ಹತ್ತುತ್ತಿತ್ತು, ಎರ್ಸಿಲಿಯಾ ಹೋಗಿ ತಿರುವಿದಳು. ಚೌಕದಲ್ಲಿ ಜನ ಕತ್ತಲಾಗುವ ತನಕ ಹಾಡಿದರು.